ವಸೂಲಿಗೆ ಹೋದವಳು

‘ನಮಸ್ಕಾರ ಸಾರ್, ಹೋದ ತಿಂಗಳದ್ದು ಇನ್ನೂ ಬಂದಿಲ್ಲ, ದಯವಿಟ್ಟು ನೋಡಿ.’ ಇಷ್ಟನ್ನು ಫೋನಿನಲ್ಲಿ ಬರೆದು ಕಳುಹಿಸಲು ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ‘ದಯವಿಟ್ಟು’ ಇದ್ದರೆ ಭಿಕ್ಷೆ ಬೇಡಿದ ಹಾಗೆ ಕಾಣುತ್ತದೆಂದು ತೆಗೆಯುತ್ತಿದ್ದೆ. ತೆಗೆದರೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆಂದು ಮತ್ತೆ ಸೇರಿಸುತ್ತಿದ್ದೆ. ಕೈಮುಗಿದ ಚಿತ್ರವೊಂದನ್ನು ಅಂಟಿಸಿ, ಅದು ಅತಿಯಾಯಿತೆಂದು ಅಳಿಸುತ್ತಿದ್ದೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಇವತ್ತು ಶುಕ್ರವಾರ, ಶುಕ್ರವಾರ ಯಾರೂ ಮನೆಯಿಂದ ದುಡ್ಡು ಆಚೆ ಕೊಡುವುದಿಲ್ಲ ಎಂದು ನೆನಪಾಗುತ್ತಿತ್ತು. ಶನಿವಾರ ಅವರಿಗೆ ಅರ್ಧ ದಿನದ ಕೆಲಸ, ಗಡಿಬಿಡಿ. ಭಾನುವಾರ ಬೇರೆಯವರ ನೆಮ್ಮದಿ ಕೆಡಿಸಬಾರದು. ಸೋಮವಾರ ಬೆಳಗ್ಗೆಯೇ ದುಡ್ಡು ಕೇಳಿದರೆ ಏನಂದುಕೊಳ್ಳುತ್ತಾರೆ? ಹೀಗೆ ವಾರದ ಏಳೂ ದಿನಗಳಿಗೆ ನನ್ನ ಬಳಿ ಒಂದೊಂದು ಕಾರಣವಿತ್ತು. ನನ್ನ ಗಿರಾಕಿಗಳ ಬಳಿ ಕೂಡ ಇಷ್ಟು ಕಾರಣಗಳಿರಲಿಲ್ಲ.

ನನ್ನ ಕಸುಬು ಮನೆಮನೆಗೆ ಹೋಗಿ ಫಿಶ್ ಟ್ಯಾಂಕ್ ತೊಳೆದುಕೊಡುವುದು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಬಕೆಟ್ಟು, ಅದರೊಳಗೆ ನೀರೆಳೆಯುವ ಪೈಪು, ಸ್ಪಂಜು, ಎರಡು ಹಳೇ ಹಲ್ಲುಜ್ಜುವ ಬ್ರಷ್ಷು. ರಾಜಾಜಿನಗರದಿಂದ ಹಿಡಿದು ಕೆಂಗೇರಿಯವರೆಗೆ ಇಪ್ಪತ್ತಾರು ಟ್ಯಾಂಕುಗಳ ಪಾಚಿ ನನ್ನ ಜವಾಬ್ದಾರಿ. ಅಪಾರ್ಟ್‌ಮೆಂಟಿನ ಗೇಟಿನವರು ನನ್ನನ್ನು ‘ಮೀನು ಆಂಟಿ’ ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಮೂರನೇ ಮಹಡಿಯ ಹೆಂಗಸೊಬ್ಬರು ಬಾಲ್ಕನಿಯಿಂದ ಬಗ್ಗಿ, “ಬಂಗಡೆ ಇದ್ಯಾ? ಫ್ರೆಶ್ಶಾ?” ಎಂದು ಕೇಳಿದ್ದುಂಟು. ಇಲ್ಲವೆಂದೆ. ನಾಳೆ ತರುತ್ತೀರಾ ಎಂದರು. ಅದಕ್ಕೂ ಇಲ್ಲವೆನ್ನಲು ನಾಚಿಕೆಯಾಗಿ ನೋಡೋಣ ಎಂದುಬಿಟ್ಟೆ. ಆಮೇಲೆ ಎಷ್ಟೋ ದಿನ ಆ ಕಟ್ಟಡಕ್ಕೆ ಹಿಂದಿನ ಗೇಟಿನಿಂದ ಹೋಗುತ್ತಿದ್ದೆ.

ಇದಕ್ಕೆ ಮೊದಲು ಹದಿನೇಳು ವರ್ಷ ರಾಜಾಜಿನಗರದ ಒಂದು ರಟ್ಟಿನ ಪೆಟ್ಟಿಗೆ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಾಕಿ ಉಳಿಸಿಕೊಂಡವರಿಗೆ ಕಾಗದ ಬರೆಯುವುದೂ ನನ್ನ ಕೆಲಸವೇ. ‘ಈ ಪತ್ರ ತಲುಪಿದ ಏಳು ದಿನಗಳೊಳಗೆ’ ಎಂದು ಶುರುಮಾಡಿ, ‘ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ’ ಎಂದು ಮುಗಿಸುತ್ತಿದ್ದೆ. ಮಾಲೀಕರೇ ಓದಿ ಬೆಚ್ಚಿ, “ಸ್ವಲ್ಪ ಮೆತ್ತಗೆ ಮಾಡಮ್ಮ” ಅನ್ನುತ್ತಿದ್ದರು. ಇನ್ನೊಬ್ಬರ ದುಡ್ಡಿಗೆ ನಾನು ಹುಲಿ. ನನ್ನ ದುಡ್ಡಿನ ಮಾತು ಬಂದರೆ ಮಾತ್ರ ಇಲಿ.

ಮಾಲೀಕರು ಜಾಗ ಮಾರಿ ಕಂಪನಿ ಮುಚ್ಚಿದ ವರ್ಷವೇ ಅಮ್ಮ ಹಾಸಿಗೆ ಹಿಡಿದಳು. ಮನೆಯಲ್ಲಿ ನಾವಿಬ್ಬರೇ. ಟೀವಿ ಹಾಕಿದರೆ ಅವಳಿಗೆ ತಲೆನೋವು. ಮಲಗಿದಲ್ಲಿಂದ ನೋಡಲು ಏನಾದರೂ ಅಲ್ಲಾಡುವಂಥದ್ದು ಇರಲಿ ಎಂದು ಮಾರೇನಹಳ್ಳಿಯ ಅಂಗಡಿಯಿಂದ ಎರಡಡಿಯ ಒಂದು ಟ್ಯಾಂಕು, ಆರು ಗೋಲ್ಡ್ ಫಿಶ್ಶು ತಂದಿಟ್ಟೆ. ತೊಳೆಯುವುದನ್ನು ಕಲಿತದ್ದು ಹಾಗೆ. ಮೂರು ವರ್ಷ ಅಮ್ಮ ಆ ಮೀನುಗಳಿಗೆ ಇಡೀ ಊರಿನ ಸುದ್ದಿ ಹೇಳಿದಳು. ಅವಳು ಹೋದ ಮೇಲೆ ಆ ಪಂಪಿನ ಗುಳುಗುಳು ಸದ್ದು ನನ್ನಿಂದ ಕೇಳಲಾಗಲಿಲ್ಲ. ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರಿಗೆ ಟ್ಯಾಂಕನ್ನು ಮೀನುಗಳ ಸಮೇತ ಕೊಟ್ಟುಬಿಟ್ಟೆ. ಅವರು, “ನೀವೇ ಬಂದು ಕ್ಲೀನ್ ಮಾಡ್ಕೊಡ್ತೀರಾ ಮೇಡಂ? ತಿಂಗಳು ತಿಂಗಳು ಕೊಡ್ತೀನಿ” ಎಂದರು. ಅದೇ ನನ್ನ ಮೊದಲ ಗಿರಾಕಿ. ಅವರ ಕ್ಲಿನಿಕ್ಕಿಗೆ ಹಲ್ಲು ನೋವೆಂದು ಬಂದವರು ಮೀನು ನೋಡಿ, ನಂಬರು ಕೇಳಿ, ಹೀಗೆ ಬಳ್ಳಿ ಹಬ್ಬಿತು.

ಡಾಕ್ಟರು ಪ್ರತಿ ತಿಂಗಳು ಒಂದನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ದುಡ್ಡು ಹಾಕುತ್ತಾರೆ. ನನ್ನ ಫೋನು ‘ಟಿಂಗ್’ ಅನ್ನುತ್ತದೆ. ಕ್ಲಿನಿಕ್ಕು ತೆರೆಯುವ ಮೊದಲೇ ನಾನು ತೊಳೆದು ಬರುವುದರಿಂದ ಅವರ ಮುಖ ನೋಡಿ ವರ್ಷವಾಗುತ್ತ ಬಂದಿದೆ. ಉಳಿದವರು ಆಗ ಹಾಗಿರಲಿಲ್ಲ. ರಾಜಾಜಿನಗರದ ವಕೀಲರು ದುಡ್ಡು ಕೇಳಿದರೆ, “ನೋಡೋಣ ನೋಡೋಣ” ಎಂದು, ಷಡ್ಡಕನ ಆಪರೇಷನ್ನಿನ ಕಥೆ ಹೇಳಿ ಮುಂದಿನ ದಿನಾಂಕ ಕೊಡುತ್ತಿದ್ದರು. ಕೆಂಗೇರಿಯ ಸ್ವೀಟ್ ಅಂಗಡಿಯವರು ಗಲ್ಲಾಪೆಟ್ಟಿಗೆಯ ಕಡೆ ಕೈ ಚಾಚಿದವರು ದಾರಿಯಲ್ಲಿ ಮನಸ್ಸು ಬದಲಿಸಿ ಕಾಲು ಕೇಜಿ ಮೈಸೂರ್ ಪಾಕು ಕಟ್ಟಿಕೊಡುತ್ತಿದ್ದರು. ಒಬ್ಬಳೇ ಇರುವವಳು ಕಾಲು ಕೇಜಿ ಮೈಸೂರ್ ಪಾಕನ್ನು ಎಷ್ಟು ದಿನ ತಿನ್ನಬಹುದು? ಒಂಬತ್ತು ದಿನ. ಎಣಿಸಿದ್ದೇನೆ.

ಆದರೆ ನಾನು ಹೇಳಲು ಹೊರಟದ್ದು ಸರೋಜಮ್ಮನವರ ವಿಷಯ.

ಬಸವೇಶ್ವರನಗರದಲ್ಲಿ ಅವರದು ಎರಡು ಅಂತಸ್ತಿನ ಮನೆ. ಎಪ್ಪತ್ತನಾಲ್ಕು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಾವು ನಂಬರು ಹೇಳಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಮನೆಯಲ್ಲಿ ಮಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ರೂಪಾ, ಕಾಲೇಜಿಗೆ ಹೋಗುವ ಮೊಮ್ಮಗಳು, ಅಡುಗೆಯ ಗೌರಮ್ಮ. ಹಾಲಿನಲ್ಲಿ ನಾಲ್ಕಡಿಯ ಟ್ಯಾಂಕು, ಅದರಲ್ಲಿ ಅಂಗೈಗಿಂತ ದೊಡ್ಡ ಎರಡು ಆಸ್ಕರ್ ಮೀನು. ಆಸ್ಕರ್ ಎಂದರೆ ಮುಖ ಗುರುತಿಟ್ಟುಕೊಳ್ಳುವ ಮೀನು. ನನ್ನನ್ನು ಕಂಡರೆ ಗಾಜಿಗೆ ಮೂತಿ ತಾಗಿಸಿ ಬಾಲ ಅಲ್ಲಾಡಿಸುತ್ತವೆ. ವಾರದಲ್ಲಿ ನನ್ನನ್ನು ಕಂಡು ಅಷ್ಟು ಸಂಭ್ರಮಪಡುವವರು ಬೇರೆ ಯಾರೂ ಇರಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ತಿಂಗಳು ಸರೋಜಮ್ಮ ಕೆಲಸ ಮುಗಿದ ಕೂಡಲೇ ದುಡ್ಡು ಕೊಟ್ಟರು. ಎರಡನೇ ತಿಂಗಳಿಂದ ಶುರುವಾಯಿತು.

“ಅಯ್ಯೋ, ಚಿಲ್ರೆ ಇಲ್ಲ ಕಣಮ್ಮ. ಗುರುವಾರ ಬರ್ತೀಯಾ?”

ಗುರುವಾರ ಹೋದೆ. ಗೌರಮ್ಮ ಕಾಫಿ ತಂದಿಟ್ಟರು. ಅರ್ಧ ಗಂಟೆ ಮಾತಾಯಿತು. ಹೊರಡುವಾಗ ಸರೋಜಮ್ಮ ಕೆನ್ನೆಗೆ ಕೈಯಿಟ್ಟುಕೊಂಡು, “ಬೀರು ಬೀಗದ ಕೈ ರೂಪಾ ತಗೊಂಡ್ ಹೋಗ್ಬಿಟ್ಟಿದಾಳೆ ನೋಡು. ಸೋಮವಾರ ಖಂಡಿತ” ಎಂದರು. ಸೋಮವಾರ ಮತ್ತೆ ಕಾಫಿ, ಮತ್ತೆ ಮಾತು, ಕೊನೆಗೆ ದುಡ್ಡು. ಮುಂದಿನ ತಿಂಗಳೂ ಅದೇ. ಗೋವಿಂದರಾಜನಗರದ ನನ್ನ ಮನೆಯಿಂದ ಅಲ್ಲಿಗೆ ಮಾಗಡಿ ರಸ್ತೆಯ ಟ್ರಾಫಿಕ್ಕು ದಾಟಿ ಹೋಗಬೇಕು. ಒಂದು ತಿಂಗಳ ಸಂಬಳಕ್ಕೆ ಮೂರು ಸಲದ ಪೆಟ್ರೋಲು. ಗೊಣಗಿಕೊಂಡೇ ಹೋಗುತ್ತಿದ್ದೆ. ಹೋಗುವಾಗ ಒಳ್ಳೆಯ ಸೀರೆ ಉಟ್ಟುಕೊಳ್ಳುತ್ತಿದ್ದೆ ಎನ್ನುವುದನ್ನು ಆಗ ನಾನು ಗಮನಿಸಿರಲಿಲ್ಲ.

ಅಂಥ ಒಂದು ದಿನ ಅವರು ಕೇಳಿದರು: “ವಸೂಲಿ ಅಂದ್ರೆ ಏನ್ ಗೊತ್ತೇನಮ್ಮ?”

“ಬರಬೇಕಾದ ದುಡ್ಡು ತಗೊಳ್ಳೋದು” ಎಂದೆ. ಎಷ್ಟಾದರೂ ಅದಕ್ಕೇ ಬಂದು ಕೂತವಳು.

“ಅಷ್ಟೇ ಅಲ್ಲ. ನನ್ ಪಕ್ಕದ್ ಸೀಟಲ್ಲಿ ಜಮೀಲಾ ಅಂತ ಇದ್ಳು, ಚೆನ್ನಾಗಿ ಉರ್ದು ಓದ್ಕೊಂಡಿದ್ಳು. ಅವಳು ಹೇಳ್ತಿದ್ಳು, ಆ ಪದದ ಮೂಲದಲ್ಲಿ ತಲುಪೋದು, ಸೇರೋದು ಅಂತ ಅರ್ಥವಂತೆ. ಶಾಯರಿಯಲ್ಲಿ ಪ್ರೇಮಿಗಳು ಒಂದಾಗೋದಕ್ಕೂ ಅದೇ ಬೇರಿನ ಪದವಂತೆ. ನಾವೆಲ್ಲ ಅವಳನ್ನ ಗೋಳು ಹುಯ್ಕೊಳ್ತಿದ್ವಿ, ಹಾಗಾದ್ರೆ ಬಡ್ಡಿ ವಸೂಲಿ ಮಾಡೋನು ದೊಡ್ಡ ಪ್ರೇಮಿ ಅನ್ನು ಅಂತ.”

ಮನೆಗೆ ಬರುವ ದಾರಿಯಲ್ಲಿ ಅದನ್ನೇ ಯೋಚಿಸಿದೆ. ಬಾಕಿ, ವಾಯಿದೆ, ರಸೀದಿ, ಜಮಾ, ವಸೂಲಿ. ಲೆಕ್ಕದ ಪುಸ್ತಕದ ಪದಗಳೆಲ್ಲ ದೂರದಿಂದ ಕುದುರೆ ಏರಿ ಬಂದು ನಮ್ಮಲ್ಲಿ ನೆಲೆಸಿದವು. ಸಾಲ ಮಾತ್ರ ನಮ್ಮದೇ, ಹಳಗನ್ನಡದವರ ‘ಕಡ’ವೂ ನಮ್ಮದೇ. ಅಂದರೆ ಕನ್ನಡಿಗರಿಗೆ ಕೊಡುವುದು, ಇಸಿದುಕೊಳ್ಳುವುದು ತಾವಾಗಿ ಬರುತ್ತಿತ್ತು. ವಾಪಸು ಕೇಳುವುದಕ್ಕೆ ಮಾತ್ರ ಪದ ಸಿಗದೆ ಹೊರಗಿನವರ ಹತ್ತಿರ ಕೇಳಿ ತಂದುಕೊಂಡರು. ನನ್ನ ದೌರ್ಬಲ್ಯಕ್ಕೆ ಇಷ್ಟು ದೊಡ್ಡ ಪರಂಪರೆಯಿದೆ ಎಂದು ತಿಳಿದು ಸಮಾಧಾನವಾಯಿತು. ಭಾಷಾಪಂಡಿತರು ಒಪ್ಪದಿದ್ದರೂ ಆ ಸಮಾಧಾನವನ್ನು ನಾನು ಹಿಂದಿರುಗಿಸುವುದಿಲ್ಲ.

ಇಷ್ಟರಲ್ಲಿ ಸರೋಜಮ್ಮ ಯಾಕೆ ದುಡ್ಡು ತಡ ಮಾಡುತ್ತಾರೆ ಎನ್ನುವುದು ನನಗೆ ‘ಅರ್ಥವಾಗಿತ್ತು’. ಪಾಪ, ಅವರಿಗೆ ಒಂಟಿತನ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಕಾಲೇಜಿಗೆ. ತುಂಬಿದ ಮನೆಯಲ್ಲೂ ವಯಸ್ಸಾದವರು ಒಬ್ಬರೇ ಆಗಿಬಿಡುತ್ತಾರೆ. ಮಾತಿಗೆ ಯಾರಾದರೂ ಸಿಗಲಿ ಎಂದು ನನ್ನನ್ನು ಮೂರು ಮೂರು ಸಲ ಕರೆಸಿಕೊಳ್ಳುತ್ತಾರೆ. ಹೀಗೆ ತೀರ್ಮಾನಿಸಿದ ಮೇಲೆ ನನ್ನ ಗೊಣಗಾಟ ನಿಂತು ಕರುಣೆ ಶುರುವಾಯಿತು. ಹೋಗುವಾಗ ಒಂದು ಮೊಳ ಕನಕಾಂಬರ ಒಯ್ಯತೊಡಗಿದೆ. ಇದ್ದ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿದೆ. ಒಂದು ಹಿರಿಯ ಜೀವಕ್ಕೆ ನನ್ನಿಂದ ಇಷ್ಟಾದರೂ ಆಗುತ್ತಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆ. ಹಾಗೆ ಒಂದೂವರೆ ವರ್ಷ ನಡೆಯಿತು.

ಒಂದು ಶನಿವಾರ ಹೋದಾಗ ಬಾಗಿಲು ತೆಗೆದದ್ದು ರೂಪಾ. ಬ್ಯಾಂಕಿಗೆ ರಜೆ. ಸರೋಜಮ್ಮ ಸ್ನಾನಕ್ಕೆ ಹೋಗಿದ್ದರು.

“ಬನ್ನಿ ಆಂಟಿ. ಇವತ್ತು ಕ್ಲೀನಿಂಗ್ ಇತ್ತಾ?”

“ಇಲ್ಲಮ್ಮ, ಹೋದ ತಿಂಗಳದ್ದು ಸ್ವಲ್ಪ...” ಎಂದು ಎಳೆದೆ.

ರೂಪಾ ಹುಬ್ಬು ಗಂಟಿಕ್ಕಿದಳು. “ಇನ್ನೂ ಕೊಟ್ಟಿಲ್ವಾ? ಪ್ರತಿ ತಿಂಗಳು ಒಂದನೇ ತಾರೀಖು ಕವರಲ್ಲಿ ಹಾಕಿ ಅತ್ತೆ ಕೈಗೆ ಕೊಡ್ತೀನಲ್ಲ!” ಎನ್ನುತ್ತ ಟ್ಯಾಂಕಿನ ಕೆಳಗಿನ ಕಪಾಟು ತೆರೆದಳು. ಮೀನಿನ ಫುಡ್ ಡಬ್ಬಿಯ ಪಕ್ಕದಲ್ಲಿ ಒಂದು ಕವರು. ಮೇಲೆ ದುಂಡಗಿನ ಅಕ್ಷರದಲ್ಲಿ ‘ಮೀನಿನ ಮೇಡಂ’ ಎಂದು ಬರೆದಿತ್ತು. ರೂಪಾಳ ಮುಖ ಸಣ್ಣದಾಯಿತು. ದನಿ ತಗ್ಗಿಸಿ, “ಆಂಟಿ, ಯಾವಾಗ್ಲೂ ಹೀಗೇ ಆಗತ್ತಾ? ಅತ್ತೆಗೆ ಮರೆವು ಏನಾದ್ರೂ ಶುರುವಾಗಿದ್ಯಾ? ನಿಮಗೇನಾದ್ರೂ ಅನ್ನಿಸ್ತಾ?” ಎಂದು ಕೇಳಿದಳು.

ಅವಳ ಭಯ ನೋಡಲಾಗಲಿಲ್ಲ. ನನಗೆ ತಿಳಿದಿದ್ದನ್ನು ಹೇಳಿಬಿಡುವುದೇ ಸರಿ ಅನ್ನಿಸಿತು. “ಮರೆವಲ್ಲಮ್ಮ. ಪಾಪ, ಅವರಿಗೆ ಹೊತ್ತು ಹೋಗಲ್ಲ. ಯಾರಾದ್ರೂ ಮಾತಿಗೆ ಸಿಗ್ಲಿ ಅಂತ ಹೀಗ್ ಮಾಡ್ತಾರೆ. ನೀವು ಬೇಜಾರ್ ಮಾಡ್ಕೋಬೇಡಿ, ನಾನೂ ಮಾಡ್ಕೊಂಡಿಲ್ಲ” ಎಂದೆ, ಬಹಳ ದೊಡ್ಡ ಮನಸ್ಸಿನಿಂದ.

“ಯಾರಿಗೆ ಹೊತ್ತು ಹೋಗಲ್ಲ?” ಹಿಂದಿನಿಂದ ದನಿ ಬಂತು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಸರೋಜಮ್ಮ ನಿಂತಿದ್ದರು. “ನನಗಾ? ಬೆಳಗ್ಗೆ ವಾಕಿಂಗು, ಮಧ್ಯಾಹ್ನ ಭಜನೆ, ಸಂಜೆ ಫೋನಲ್ಲಿ ನಮ್ ಎಕ್ಸ್‌ಚೇಂಜ್ ಗ್ಯಾಂಗು. ನನಗೆ ಮಲಗೋಕೆ ಪುರುಸೊತ್ತಿಲ್ಲ ಕಣಮ್ಮ.”

“ಮತ್ತೆ ಕವರ್ ಯಾಕ್ ಕೊಡಲ್ಲ ಅತ್ತೆ?” ಎಂದಳು ರೂಪಾ.

ಸರೋಜಮ್ಮ ನನ್ನ ಕಡೆ ನೋಡಿದರು. ಸೊಸೆಯ ಮುಖದಲ್ಲಿದ್ದ ಹೆದರಿಕೆ ನೋಡಿಯೇ ಹೇಳಿದರೆಂದು ಕಾಣುತ್ತದೆ.

“ಇವಳಿಗೋಸ್ಕರ. ಮೊದಲನೇ ತಿಂಗಳು ಕೆಲಸ ಮುಗೀತು, ದುಡ್ಡು ತಗೊಂಡ್ಳು. ಆಮೇಲೆ ಒಂದ್ ಲೋಟ ನೀರು ಕೇಳಿದ್ಳು. ಕುಡಿದ್ಮೇಲೆ ಪಂಪಿನ ಸೌಂಡ್ ಸರಿಯಾಗಿದ್ಯಾ ನೋಡ್ತೀನಿ ಅಂತ ಕೂತ್ಳು. ಬಾಗಿಲ ತನಕ ಹೋದೋಳು ವಾಪಸ್ ಬಂದು ಮೀನಿಗೆ ಎಷ್ಟು ಫುಡ್ ಹಾಕ್ಬೇಕು ಅಂತ ಎರಡನೇ ಸಲ ಹೇಳಿದ್ಳು. ಮೂವತ್ ವರ್ಷ ಬೇರೆಯವರ ಫೋನ್ ಜೋಡಿಸಿದೀನಿ ರೂಪಾ. ಮಾತೆಲ್ಲ ಮುಗಿದ್ರೂ ರಿಸೀವರ್ ಇಡದೆ ಹಿಡ್ಕೊಂಡಿರೋರ ಉಸಿರು ನನಗೆ ಗೊತ್ತಾಗತ್ತೆ. ದುಡ್ಡು ಕೈಗೆ ಕೊಟ್ಬಿಟ್ರೆ ಇವಳು ಮತ್ತೆ ತಿಂಗಳಾಗೋ ತನಕ ಬರಲ್ಲ. ಬರೋಕೆ ಒಂದು ನೆಪ ಇರ್ಲಿ ಅಂತ ಇಟ್ಕೊಂಡೆ.”

ಟ್ಯಾಂಕಿನ ಪಂಪು ಗುಳುಗುಳು ಅನ್ನುತ್ತಿತ್ತು. ಆಸ್ಕರ್ ಮೀನುಗಳೆರಡೂ ಗಾಜಿಗೆ ಮೂತಿ ತಾಗಿಸಿ ನನ್ನನ್ನೇ ನೋಡುತ್ತಿದ್ದವು. ಒಂದೂವರೆ ವರ್ಷ ನಾನು ಅವರ ಮೇಲೆ ಕರುಣೆ ಸುರಿಸುತ್ತಿದ್ದೆ ಎಂದುಕೊಂಡಿದ್ದೆನಲ್ಲ, ಅಷ್ಟೂ ಕಾಲ ಕರುಣೆ ಹರಿಯುತ್ತಿದ್ದದ್ದು ಆ ಕಡೆಯಿಂದ ಈ ಕಡೆಗೆ. ಕಿವಿ ಬಿಸಿಯಾಯಿತು. ಕವರು ಇಸಿದುಕೊಂಡು, “ಇನ್ಮೇಲೆ ಒಂದನೇ ತಾರೀಖು ಫೋನಿಗೇ ಹಾಕ್ಬಿಡಿ ರೂಪಾ” ಎಂದೆ. ಸರೋಜಮ್ಮ, “ಕೂತ್ಕೊಳಮ್ಮ, ಕಾಫಿ...” ಎನ್ನುತ್ತಿದ್ದಂತೆಯೇ ಹೊರಟುಬಿಟ್ಟೆ. ಕೈಯಲ್ಲಿದ್ದ ಕನಕಾಂಬರವನ್ನು ಕೊಡಲೂ ಇಲ್ಲ. ಅದು ಸ್ಕೂಟರಿನ ಡಿಕ್ಕಿಯಲ್ಲೇ ಬಾಡಿತು.

ಅವಮಾನಕ್ಕೆ ಒಂದು ಒಳ್ಳೆಯ ಗುಣವಿದೆ, ಅದು ಕೆಲಸ ಬೇಗ ಮುಗಿಸುತ್ತದೆ. ಮನೆಗೆ ಬಂದವಳೇ ಇಪ್ಪತ್ತಾರು ಮಂದಿಗೂ ಒಂದೇ ಸಂದೇಶ ಬರೆದೆ. ‘ಪ್ರತಿ ತಿಂಗಳ ಐದನೇ ತಾರೀಖಿನೊಳಗೆ ಹಣ ಬರದಿದ್ದರೆ ಆ ತಿಂಗಳು ಟ್ಯಾಂಕ್ ತೊಳೆಯುವುದಿಲ್ಲ.’ ದಯವಿಟ್ಟು ಇಲ್ಲ, ಕೈಮುಗಿದ ಚಿತ್ರವಿಲ್ಲ. ನಾಲ್ಕೇ ನಿಮಿಷ ಹಿಡಿಯಿತು. ಅರ್ಧದಷ್ಟು ಗಿರಾಕಿಗಳಾದರೂ ಕೈಬಿಡುತ್ತಾರೆ ಎಂದುಕೊಂಡಿದ್ದೆ. ಬಿಟ್ಟವರು ಇಬ್ಬರು. ವಕೀಲರು ಮಾತ್ರ ನನ್ನ ಮಾತಿನ ಸತ್ಯಾಸತ್ಯತೆ ಪರೀಕ್ಷಿಸಲು ಹನ್ನೊಂದನೇ ತಾರೀಖಿನವರೆಗೆ ಸುಮ್ಮನಿದ್ದರು. ನಾನು ಹೋಗಲಿಲ್ಲ. ಟ್ಯಾಂಕು ಹಸಿರಾಯಿತು. ಹನ್ನೆರಡಕ್ಕೆ ದುಡ್ಡು ಬಂತು. ಸ್ವೀಟ್ ಅಂಗಡಿಯವರೂ ದುಡ್ಡನ್ನು ದುಡ್ಡಿನ ರೂಪದಲ್ಲೇ ಕೊಡಲು ಕಲಿತರು. ಇಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ ಎಂದು ನನಗೇ ಆಶ್ಚರ್ಯ. ಕೆಲಸ ಮಾಡಿಸಿಕೊಂಡವರಿಗೆ ದುಡ್ಡು ಕೊಡಬೇಕೆಂದು ಗೊತ್ತಿರುತ್ತದೆ. ಯಾವತ್ತು ಎಂದು ನಾವು ಹೇಳಬೇಕು, ಅಷ್ಟೇ. ಈ ಕಸುಬಿನಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಮಾತನ್ನು ಬರೆದಿಟ್ಟುಕೊಳ್ಳಬಹುದು.

ಸ್ಕೂಟರಿಗೆ ಹೊಸ ಬ್ಯಾಟರಿ ಬಂತು. ಬಾಡಿಗೆ ತಾರೀಖಿಗೆ ಸರಿಯಾಗಿ ಹೋಯಿತು. ಒಂದನೇ ತಾರೀಖು ಬಂತೆಂದರೆ ಬೆಳಗ್ಗೆಯಿಂದ ಫೋನು ಟಿಂಗ್, ಟಿಂಗ್, ಟಿಂಗ್. ವ್ಯಾಪಾರ ಅಂದರೆ ಇದು ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ನಾನೇ ಯಾಕೆಂದರೆ, ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ದುಡ್ಡು ಸರಿಯಾಗಿ ಬರತೊಡಗಿದ ಮೇಲೆ ಯಾರೂ ನನ್ನ ಜೊತೆ ಮಾತಾಡುವ ಅಗತ್ಯವೇ ಉಳಿಯಲಿಲ್ಲ. ವಕೀಲರ ಸಬೂಬುಗಳನ್ನು ನಾನು ಎಷ್ಟು ಆಸಕ್ತಿಯಿಂದ ಕೇಳುತ್ತಿದ್ದೆನೆಂದು ಆಗ ತಿಳಿಯಿತು. ಅವರ ಷಡ್ಡಕನ ಆಪರೇಷನ್ ಏನಾಯಿತೋ, ಇವತ್ತಿಗೂ ಗೊತ್ತಿಲ್ಲ. ಕೆಲವು ದಿನ ಬೆಳಗ್ಗೆ ಹನ್ನೊಂದಕ್ಕೆ ಯಾವುದೋ ಮನೆಯ ಬಾಗಿಲಲ್ಲಿ “ಫಿಶ್ ಟ್ಯಾಂಕಿಗೆ ಬಂದಿದೀನಿ” ಎನ್ನುವಾಗ ದನಿ ಒಡೆದು ಬರುತ್ತಿತ್ತು. ಶೀತವಲ್ಲ. ಅದು ಆ ದಿನದ ಮೊದಲ ಮಾತು.

ಸರೋಜಮ್ಮನವರ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅವರು ಚೆನ್ನಾಗಿಯೇ ಇದ್ದರು. “ಬಂದ್ಯಾಮ್ಮ” ಅನ್ನುತ್ತಿದ್ದರು. ಕೂತುಕೋ ಅನ್ನುತ್ತಿರಲಿಲ್ಲ. ನನ್ನ ಮನಸ್ಸಿಗೆ ನೋವಾಗಿದೆ ಎಂದು ಅವರಿಗೆ ಗೊತ್ತಿತ್ತು, ಒತ್ತಾಯ ಮಾಡಿದರೆ ಮತ್ತೆ ಕರುಣೆಯಂತೆ ಕಂಡೀತು ಎಂದು ಹಿಂಜರಿಯುತ್ತಿದ್ದರು. ಗೌರಮ್ಮ ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಬಕೆಟ್ಟು ಎತ್ತಿಕೊಂಡು ಬರುತ್ತಿದ್ದೆ. ಮೂರು ತಿಂಗಳು ಹೀಗೆ ನಡೆಯಿತು.

ನಾಲ್ಕನೇ ತಿಂಗಳ ಒಂದು ಭಾನುವಾರ. ಅನ್ನಕ್ಕಿಟ್ಟು, ಸಾರು ಮಾಡಿ, ತಿಂದು, ತೊಳೆದಿಟ್ಟು ಗಡಿಯಾರ ನೋಡಿದರೆ ಇನ್ನೂ ಹನ್ನೆರಡೂವರೆ. ಎದುರಿನ ಮನೆಯವರು ಗಲಾಟೆ ಮಾಡಿಕೊಂಡು ಎಲ್ಲಿಗೋ ಕಾರು ಹತ್ತುತ್ತಿದ್ದರು. ಬಾಗಿಲು ಹಾಕಿಕೊಂಡೆ. ಮತ್ತೆ ತೆಗೆದೆ. ಮೂರು ಗಂಟೆಯ ಹೊತ್ತಿಗೆ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಕಾಲಿನ ಬಳಿ ಬಕೆಟ್ಟು ಇರಲಿಲ್ಲ.

ಅವರ ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿ ಐದು ನಿಮಿಷ ಒಂದು ಕಾರಣಕ್ಕಾಗಿ ಹುಡುಕಿದೆ. ಫಿಲ್ಟರಿನ ಸ್ಪಂಜು ಬದಲಿಸಬೇಕಿತ್ತು ಎನ್ನಲೇ? ಹೋದ ವಾರವಷ್ಟೇ ಬದಲಿಸಿದ್ದೆ. ಈ ಕಡೆ ಬಂದಿದ್ದೆ ಎನ್ನಲೇ? ಆ ರಸ್ತೆ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಒಳಗಿನಿಂದ ಹಲವು ಹೆಂಗಸರ ನಗು ಕೇಳಿಸುತ್ತಿತ್ತು. ನೆಂಟರು ಬಂದಿದ್ದಾರೆ, ವಾಪಸು ಹೋಗೋಣ ಎಂದುಕೊಳ್ಳುವಷ್ಟರಲ್ಲಿ ರೂಪಾ ಕಿಟಕಿಯಿಂದ ನೋಡಿಬಿಟ್ಟಳು.

“ಆಂಟಿ! ಏನಾದ್ರೂ ಬಾಕಿ ಇತ್ತಾ? ಒಂದನೇ ತಾರೀಖೇ ಹಾಕಿದ್ನಲ್ಲ?”

“ಬಂದಿದೆಯಮ್ಮ. ಬಾಕಿ ಏನಿಲ್ಲ.”

“ಮತ್ತೆ?”

ದುಡ್ಡು ಕೇಳುವುದು ಕಷ್ಟವೆಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ಏನೂ ಅಲ್ಲ. ಅಲ್ಲಿ ಮಾಡಿಕೊಟ್ಟ ಕೆಲಸ ಬೆನ್ನಿಗಿರುತ್ತದೆ. ಇಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಯಾರೂ ನನಗೆ ಕೊಡಬೇಕಾಗಿಲ್ಲದ್ದನ್ನು ಕೇಳಲು ಬಂದು ನಿಂತಿದ್ದೆ. ಇಲ್ಲ ಎನ್ನಲು ಅವರಿಗೆ ಪೂರ್ತಿ ಹಕ್ಕಿತ್ತು.

“ಸುಮ್ನೆ ಬಂದೆ” ಎಂದೆ.

ಐವತ್ಮೂರು ವರ್ಷದಲ್ಲಿ ಆ ಮಾತನ್ನು ಯಾರ ಮನೆಯ ಬಾಗಿಲಲ್ಲೂ ಆಡಿದ ನೆನಪಿಲ್ಲ. ರೂಪಾ ಗೇಟು ತೆಗೆದಳು.

ಹಾಲಿನಲ್ಲಿ ಆರೇಳು ವಯಸ್ಸಾದ ಹೆಂಗಸರು ಒಟ್ಟಿಗೇ ಮಾತಾಡುತ್ತಿದ್ದರು, ಯಾರೂ ಯಾರದ್ದನ್ನೂ ಕೇಳಿಸಿಕೊಳ್ಳದೆ. ಎಕ್ಸ್‌ಚೇಂಜ್ ಗ್ಯಾಂಗು. ಸರೋಜಮ್ಮ ನನ್ನನ್ನು ನೋಡಿದರು, ನನ್ನ ಖಾಲಿ ಕೈಗಳನ್ನು ನೋಡಿದರು. ಕಣ್ಣು ಸ್ವಲ್ಪ ಅಗಲವಾಯಿತು, ಅಷ್ಟೇ. “ಇವಳು ಸುಮಿತ್ರಾ” ಎಂದರು, ಎಲ್ಲರಿಗೂ ಕೇಳಿಸುವಂತೆ. ಅವರಿಗೆ ನನ್ನ ಹೆಸರು ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. “ಸ್ವಲ್ಪ ಸರ್ಕೊಳ್ರೇ, ಕೂತ್ಕೊಳ್ಳಲಿ.”

ದಿವಾನದ ಮೇಲಿದ್ದ ಒಬ್ಬರು ಕನ್ನಡಕದ ಡಬ್ಬಿ, ಕೈಚೀಲ ಎಲ್ಲ ಮಡಿಲಿಗೆ ಎಳೆದುಕೊಂಡು ಜಾಗ ಮಾಡಿದರು. ಕೂತೆ. ಹಾಗೆ ಕೂತದ್ದರಿಂದ ನನ್ನ ಒಂಟಿತನ ಹೋಯಿತೆಂದು ಹೇಳಲಾರೆ. ಅದು ಹಾಗೆಲ್ಲ ಹೋಗುವಂಥದ್ದಲ್ಲ. ಇವತ್ತು ಬೆಳಗ್ಗೆಯೂ ಹನ್ನೊಂದು ಗಂಟೆಯವರೆಗೆ ನನ್ನ ದನಿ ನಾನು ಕೇಳಿಸಿಕೊಂಡಿಲ್ಲ. ಆದರೆ ಅವತ್ತು ಎರಡು ಗಂಟೆ ಹೊತ್ತು ಯಾರೂ ನನ್ನನ್ನು ಯಾಕೆ ಬಂದೆ ಎಂದು ಕೇಳಲಿಲ್ಲ. ಜಾಗ ಮಾಡಿಕೊಟ್ಟವರಿಗೆ ಕಿವಿ ಸ್ವಲ್ಪ ಮಂದ, ಕಣ್ಣೂ ಅಷ್ಟಕ್ಕಷ್ಟೇ. ಅವರು ನನ್ನ ಕೈಗೆ ಒಂದು ಕೋಡುಬಳೆ ಕೊಟ್ಟು, ಮುಖದ ಹತ್ತಿರ ಬಗ್ಗಿ ಕೇಳಿದರು:

“ನೀನು ಯಾವ ಸೆಕ್ಷನ್ನಲ್ಲಿದ್ದೆಮ್ಮ? ಟ್ರಂಕಾ, ಲೋಕಲ್ಲಾ?”

“ಲೋಕಲ್” ಎಂದೆ. ಗೋವಿಂದರಾಜನಗರದವಳು, ಇನ್ನೇನು ಹೇಳಲಿ?